ತೊಟ್ಟಿಲು ಅಟ್ಟ ಸೇರಿದ ಮೇಲೆ

2011ರ ಜನಗಣತಿಯ ಜಿಲ್ಲಾವಾರು ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಹತ್ತು ವರ್ಷದಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಏರಿತ್ತು. ಬೆಂಗಳೂರು ನಗರ ಜಿಲ್ಲೆಯದ್ದು ಶೇ 47, ಯಾದಗಿರಿಯದ್ದು ಶೇ 22ರ ಮೇಲೆ. ಒಂದೇ ಒಂದು ಜಿಲ್ಲೆಯ ಮುಂದೆ ಮೈನಸ್ ಇತ್ತು. ಅದು ನಮ್ಮ ಚಿಕ್ಕಮಗಳೂರು. 2001ರಲ್ಲಿ 11 ಲಕ್ಷ 40 ಸಾವಿರ ಚಿಲ್ಲರೆ ಇದ್ದವರು 2011ಕ್ಕೆ 11 ಲಕ್ಷ 37 ಸಾವಿರ ಚಿಲ್ಲರೆ ಆಗಿದ್ದೆವು. ಕೊಡಗು ಶೇ 1ರಷ್ಟು, ಹಾಸನ ಶೇ 3ರಷ್ಟು ಬೆಳೆದಿದ್ದವು. ಉಡುಪಿ ಶೇ 6ನ್ನೂ ಮುಟ್ಟಿರಲಿಲ್ಲ.

ಆಮೇಲೆ 2021ರ ಗಣತಿ ನಡೆಯಲೇ ಇಲ್ಲ. 2027ರ ಗಣತಿಯಲ್ಲಿ ಹೊಸ ಲೆಕ್ಕ ಸಿಗಬೇಕು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಅದಕ್ಕಾಗಿ ಕಾಯುವ ಅಗತ್ಯ ಇಲ್ಲ. ಯಾವ ಊರಿನ ಮದುವೆಗೆ ಹೋದರೂ ಊಟದ ಪಂಕ್ತಿ ನೋಡಿದರೆ ಸಾಕು. ಬಿಳಿ ತಲೆಗಳೇ ಜಾಸ್ತಿ. ಬಡಿಸಲು ಊರಿನ ಹುಡುಗರು ಸಿಗುವುದಿಲ್ಲ, ಕೇಟರಿಂಗ್‌ನವರೇ ಬರಬೇಕು. ಮಕ್ಕಳ ಗಲಾಟೆ ಕೇಳಿದರೆ ಅದು ಬೆಂಗಳೂರಿಂದ ಬಂದ ಎರಡು ಮೂರು ಕಾರಿನವರದ್ದು, ಸಂಜೆ ಹೊತ್ತಿಗೆ ಅವರೂ ಘಾಟಿ ರಸ್ತೆ ಹಿಡಿದಿರುತ್ತಾರೆ.

ನಾನೂ ಆ ಕಾರಿನವರಲ್ಲಿ ಒಬ್ಬಳು. ಕೊಪ್ಪದ ಹತ್ತಿರದ ಹಳ್ಳಿಯವಳು, ಕೆಲಸ ಬೆಂಗಳೂರಲ್ಲಿ, ಮನೆಗೆ ಒಬ್ಬಳೇ ಹೆಣ್ಣುಮಗಳು. ನನ್ನಜ್ಜಿ ಒಂಬತ್ತು ಹೆತ್ತಿದ್ದರು, ಉಳಿದದ್ದು ಆರು. ಅಮ್ಮನಿಗೆ ನಾವು ಇಬ್ಬರು, ಅಣ್ಣ ಅಮೆರಿಕದಲ್ಲಿದ್ದಾನೆ. ಅಜ್ಜಿ ಹಾಸಿಗೆ ಹಿಡಿದಾಗ ಮನೆಯಲ್ಲಿ ಮೂವರು ಸೊಸೆಯರು ಇದ್ದರು, ಪಕ್ಕದ ಊರಲ್ಲಿ ಇಬ್ಬರು ಹೆಣ್ಣುಮಕ್ಕಳು ಇದ್ದರು, ರಾತ್ರಿ ಎದ್ದು ನೋಡಲು ಮೊಮ್ಮಕ್ಕಳ ದಂಡೇ ಇತ್ತು. ಈಗ ಅಮ್ಮನಿಗೆ ಅದೇ ವಯಸ್ಸು. ಅವರ ಜೊತೆ ಇರುವುದು ಒಂದು ಮೊಬೈಲು, ಜಗಲಿಯಲ್ಲಿ ಅಣ್ಣ ಹಾಕಿಸಿದ ಒಂದು ಕ್ಯಾಮೆರಾ, ಮತ್ತು ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುವ ಒಬ್ಬ ಕೆಲಸದವಳು.

ಇದಕ್ಕೆಲ್ಲ ಜನನ ಪ್ರಮಾಣ ಇಳಿದದ್ದೇ ಕಾರಣ ಅಂದರೆ ಪೂರ್ತಿ ಸರಿಯಲ್ಲ. ನಮ್ಮ ಜಿಲ್ಲೆ ಖಾಲಿಯಾಗುವುದಕ್ಕೆ ಎರಡು ಕಾರಣ ಜೊತೆಗೂಡಿವೆ. ಹುಟ್ಟುವವರು ಕಮ್ಮಿಯಾದರು, ಹುಟ್ಟಿದವರು ಊರು ಬಿಟ್ಟರು. ಕಾಫಿ ದರ ಬಿದ್ದ ವರ್ಷಗಳು, ಅಡಿಕೆಗೆ ಕೊಳೆರೋಗ, ಓದಿಗೆ ತಕ್ಕ ಕೆಲಸ ಇಲ್ಲದ್ದು, ಇವೆಲ್ಲ ಎರಡನೆಯದಕ್ಕೆ ಕಾರಣ. ಆದರೆ ಒಂದು ಮಾತು ಮರೆಯಬಾರದು. ಹಿಂದೆಯೂ ಜನ ಊರು ಬಿಡುತ್ತಿದ್ದರು. ಆರು ಮಕ್ಕಳಲ್ಲಿ ಮೂವರು ಮುಂಬೈಗೋ ಬೆಂಗಳೂರಿಗೋ ಹೋದರೆ ಮೂವರು ಮನೆಯಲ್ಲಿ ಉಳಿಯುತ್ತಿದ್ದರು. ಇಬ್ಬರಲ್ಲಿ ಇಬ್ಬರೂ ಹೋದರೆ ಉಳಿಯುವವರು ಯಾರು?

ಲೆಕ್ಕ ಹೀಗಿದೆ. ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳಾದರೆ ಜನಸಂಖ್ಯೆ ಕಾಲಾಂತರದಲ್ಲಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಕರ್ನಾಟಕದ ಸರಾಸರಿ ಮೂರರ ಹತ್ತಿರ ಇತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು 1.7ಕ್ಕೆ ಇಳಿದಿದೆ. ಅದೇ ಸಮೀಕ್ಷೆಯಲ್ಲಿ ಕೇರಳ, ತಮಿಳುನಾಡು ಎರಡೂ 1.8. ಹೌದು, ನಾವು ಕೇರಳಕ್ಕಿಂತ ಕೆಳಗಿದ್ದೆವು. ಬಿಹಾರ 3.0, ಇಡೀ ದೇಶ 2.0. ಭಾರತ 2023ರಲ್ಲಿ ಚೀನಾವನ್ನು ಹಿಂದೆ ಹಾಕಿ ಜಗತ್ತಿನ ಅತಿ ಹೆಚ್ಚು ಜನರ ದೇಶವಾಯಿತು ಅಂತ ಸುದ್ದಿ ಬಂದಾಗ ಎಲ್ಲರೂ ಜನಸಂಖ್ಯಾ ಸ್ಫೋಟದ ಮಾತನ್ನೇ ಆಡಿದರು. ಅಷ್ಟು ಹೊತ್ತಿಗೆ ಸ್ಫೋಟದ ಕಾಲ ಮುಗಿದೇ ಹೋಗಿತ್ತು.

ಹಾಗಾದರೆ ಜನ ಇನ್ನೂ ಹೆಚ್ಚುತ್ತಿರುವುದು ಹೇಗೆ ಅಂತ ಕೇಳುತ್ತಾರೆ. ನಮ್ಮ ಕಡೆಯ ಅಡಿಕೆ ತೋಟ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಒಂದು ಕಾಲದಲ್ಲಿ ಒಟ್ಟಿಗೆ ನೆಟ್ಟ ಮರಗಳೆಲ್ಲ ಫಲ ಕೊಡುತ್ತಿರುವಾಗ ತೋಟ ತುಂಬಿಕೊಂಡೇ ಕಾಣುತ್ತದೆ. ನಡುವೆ ಎಡೆಸಸಿ ಹಾಕುವುದನ್ನು ಕಮ್ಮಿ ಮಾಡಿದ್ದು ಆಗ ಗೊತ್ತಾಗುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಕಳೆದು ಮರಗಳೆಲ್ಲ ಒಟ್ಟಿಗೇ ಮುದಿಯಾದಾಗ ತೋಟಕ್ಕೆ ಕಾಲಿಟ್ಟ ಯಾರಿಗಾದರೂ ಕಾಣುತ್ತದೆ. 1970, 80ರ ದಶಕದಲ್ಲಿ ಹುಟ್ಟಿದ ದೊಡ್ಡ ಗುಂಪು ಈಗ ದುಡಿಯುವ ವಯಸ್ಸಿನಲ್ಲಿದೆ. ಅದಕ್ಕೇ ದೇಶ ಯುವಕರ ದೇಶದಂತೆ ಕಾಣುತ್ತಿದೆ. ಆ ಗುಂಪಿನವಳೇ ಆದ ನಾನು 2050ರ ಹೊತ್ತಿಗೆ ಮುದುಕಿಯಾಗಿರುತ್ತೇನೆ, ಆಗ ದೇಶದ ಐವರಲ್ಲಿ ಒಬ್ಬರು 60 ದಾಟಿರುತ್ತಾರೆ ಅಂತ ವಿಶ್ವಸಂಸ್ಥೆಯ ಅಂದಾಜು. ಸುಮಾರು 35 ಕೋಟಿ ಜನ.

ಈ ಇಳಿಕೆ ತನ್ನಷ್ಟಕ್ಕೇ ಆದದ್ದಲ್ಲ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು. ಸರ್ಕಾರವೇ ಮುಂದೆ ನಿಂತು ತೆರೆದಂಥವುಗಳಲ್ಲಿ ಜಗತ್ತಿಗೇ ಮೊದಲನೆಯದು ಅಂತ ಅದನ್ನು ಗುರುತಿಸುತ್ತಾರೆ. ದೇಶದ ಕುಟುಂಬ ಯೋಜನೆ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಆಮೇಲೆ ಬಂತು ಆ ಕಾರ್ಯಕ್ರಮದ ಗುರುತಾದ ಕೆಂಪು ತ್ರಿಕೋನ, ಬಸ್ಸಿನ ಹಿಂದೆ, ಶಾಲೆಯ ಗೋಡೆ ಮೇಲೆ, ಬೆಂಕಿಪೊಟ್ಟಣದ ಮೇಲೆ. "ಆರತಿಗೊಬ್ಬಳು, ಕೀರ್ತಿಗೊಬ್ಬ" ಅನ್ನುವ ಸಾಲು ನಮ್ಮ ಅಮ್ಮಂದಿರಿಗೆ ಬಾಯಿಪಾಠ. "ಮಕ್ಕಳಿರಲವ್ವ ಮನೆ ತುಂಬ" ಅಂತ ಹರಸಿಕೊಂಡು ಬಂದ ಊರುಗಳಲ್ಲಿ ಒಂದೇ ತಲೆಮಾರಿನೊಳಗೆ ಈ ಮಾತು ನೆಲೆಯೂರಿತು.

ಆದರೆ ನೆಲೆಯೂರಿಸಿದವರು ಯಾರು ಅಂತ ನೋಡಿದರೆ ಅಲ್ಲಿ ಹೆಂಗಸರು ಮಾತ್ರ ಕಾಣುತ್ತಾರೆ. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಆಪರೇಷನ್‌ಗಳಿಂದ ಗಂಡಸರು ಎಷ್ಟು ಹೆದರಿದರೆಂದರೆ ಆಮೇಲೆ ಈ ಕೆಲಸವೇ ತಮ್ಮದಲ್ಲ ಎಂಬಂತೆ ದೂರ ನಿಂತುಬಿಟ್ಟರು. ಇವತ್ತಿಗೂ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಎರಡನೇ ಹೆರಿಗೆ ಆದ ವಾರದಲ್ಲೇ, ಇನ್ನೂ ಎಳೆ ವಯಸ್ಸಿನಲ್ಲೇ, ತಾಲ್ಲೂಕು ಆಸ್ಪತ್ರೆಯ ಹಾಸಿಗೆಯಲ್ಲಿ ಸಾಲಾಗಿ ಮಲಗಿದವರು ಅವರು. ಹೊಲಿಗೆ ಒಣಗುವ ಮೊದಲೇ ಕೊಟ್ಟಿಗೆಗೆ ಹೋದವರೂ ಅವರೇ. ನನ್ನ ಅಮ್ಮನ ತಲೆಮಾರಿನ ಹೆಂಗಸರು ದೇಶಕ್ಕೆ ಮಾಡಿದ ಈ ಉಪಕಾರಕ್ಕೆ ಯಾರೂ ಒಂದು ಒಳ್ಳೆಯ ಮಾತು ಹೇಳಿದ್ದು ನಾನು ಕೇಳಿಲ್ಲ. ಈಗ ಮುಪ್ಪಿನಲ್ಲಿ ಒಂಟಿಯಾದವರೂ ಅವರೇ. ನಮ್ಮಲ್ಲಿ ಗಂಡ ಹೆಂಡತಿಗಿಂತ ಐದಾರು ವರ್ಷ ದೊಡ್ಡವನು, ಹೆಂಗಸರ ಆಯುಸ್ಸು ಸ್ವಲ್ಪ ಹೆಚ್ಚು. ಹೀಗಾಗಿ ದೊಡ್ಡ ಮನೆಯಲ್ಲಿ ಕೊನೆಗೆ ಒಬ್ಬರೇ ಉಳಿಯುವುದು ಬಹುತೇಕ ಅಜ್ಜಿಯೇ. ಆಸ್ತಿ ಮಗನ ಹೆಸರಿಗೆ ಹೋಗಿರುತ್ತದೆ, ಬ್ಯಾಂಕಿನ ಪುಸ್ತಕ ಗಂಡ ನೋಡಿಕೊಳ್ಳುತ್ತಿದ್ದರು, ಅವಳ ಕೈಯಲ್ಲಿ ಸ್ವಂತದ್ದು ಅಂತ ಇರುವುದು ತೀರಾ ಕಮ್ಮಿ.

ಆ ಸಾಲಿನಲ್ಲಿ "ಕೀರ್ತಿಗೊಬ್ಬ" ಅನ್ನುವ ಅರ್ಧ ಇನ್ನೊಂದು ಕೆಲಸವನ್ನೂ ಮಾಡಿತು. ಇಬ್ಬರೇ ಸಾಕು, ಆದರೆ ಒಬ್ಬ ಗಂಡಾಗಲೇಬೇಕು ಅಂದಾಗ ಸ್ಕ್ಯಾನಿಂಗ್ ಯಂತ್ರಗಳು ಬಂದವು. 1994ರಲ್ಲಿ ಭ್ರೂಣಲಿಂಗ ಪತ್ತೆಗೆ ತಡೆ ಹಾಕುವ ಕಾನೂನು ಬಂತು, ಆದರೂ ನಿಲ್ಲಲಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷದ ಕೊನೆಗೆ ಅದೇ ಮಂಡ್ಯದ ಆಲೆಮನೆಯೊಂದರಲ್ಲಿ ಕದ್ದು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದುದು ಬಯಲಾಯಿತು. ಪಾದಯಾತ್ರೆ ಹೋದ ಆ ಹುಡುಗರನ್ನು ನೋಡಿ ಆಗ ತುಂಬಾ ಜನ ನಕ್ಕರು. ನನಗೆ ನಗು ಬರಲಿಲ್ಲ. ಹುಟ್ಟಲು ಬಿಡದ ಹೆಣ್ಣುಮಕ್ಕಳು ಮದುವೆಗೆ ಸಿಗುವುದಾದರೂ ಹೇಗೆ? ಮಲೆನಾಡಿನಲ್ಲೂ ಇದೇ ಕಥೆ ಸ್ವಲ್ಪ ಬೇರೆ ರೀತಿಯಲ್ಲಿ ನಡೆಯುತ್ತಿದೆ. ಹತ್ತು ಎಕರೆ ತೋಟ ಇದ್ದರೂ ಊರಲ್ಲಿರುವ ಹುಡುಗ ಬೇಡ ಅನ್ನುತ್ತಾರೆ ಹುಡುಗಿಯರು. ಅವರದ್ದೂ ತಪ್ಪಿಲ್ಲ. ಊರಿನ ಹುಡುಗನ ಜೊತೆಗೆ ಎಂಬತ್ತು ದಾಟಿದ ಅತ್ತೆ ಮಾವನ ಆರೈಕೆ, ಕೊಟ್ಟಿಗೆ, ಒಲೆ, ಆಳುಗಳ ಊಟ ಎಲ್ಲವೂ ಬರುತ್ತವೆ ಅಂತ ಅವರಿಗೆ ಗೊತ್ತು. ಅವರಮ್ಮ ಪಟ್ಟದ್ದನ್ನು ಅವರು ನೋಡಿದ್ದಾರೆ.

ಇಷ್ಟೆಲ್ಲ ಆದಮೇಲೆ ಈಗ ಹೊಸ ಕೂಗು ಎದ್ದಿದೆ. ಜಾಸ್ತಿ ಮಕ್ಕಳು ಮಾಡಿಕೊಳ್ಳಿ! 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹಾಗೆ ಹೇಳಿದರು, ಅದರ ಬೆನ್ನಿಗೇ ತಮಿಳುನಾಡಿನ ಸ್ಟಾಲಿನ್ ಅವರೂ ಹದಿನಾರು ಮಕ್ಕಳ ಮಾತೆತ್ತಿದರು. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಅನ್ನುವ ನಿಯಮವನ್ನು ಆಂಧ್ರ ಅದೇ ವರ್ಷ ತೆಗೆದುಹಾಕಿತು. ಇದರ ಹಿಂದಿನ ಆತಂಕ ಸುಳ್ಳಲ್ಲ. ಲೋಕಸಭೆಯ ಸ್ಥಾನಗಳ ಹಂಚಿಕೆ 1971ರ ಗಣತಿಗೆ ನಿಂತಿದೆ. ಹೊಸ ಗಣತಿಯ ಮೇಲೆ ಮರುವಿಂಗಡಣೆ ಆದರೆ ದಕ್ಷಿಣದ ರಾಜ್ಯಗಳ ಪಾಲು ಕುಗ್ಗುತ್ತದೆ. ತೆರಿಗೆ ಹಂಚಿಕೆಯಲ್ಲಿ ಅದರ ರುಚಿ ನಾವು ಈಗಾಗಲೇ ಕಂಡಿದ್ದೇವೆ. 15ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.71ರಿಂದ ಶೇ 3.65ಕ್ಕೆ ಇಳಿಯಿತು. ಜನಸಂಖ್ಯೆ ಒಂದೇ ಇದಕ್ಕೆ ಕಾರಣ ಅಲ್ಲ, ಆದರೆ ಅದೂ ಒಂದು ಕಾರಣ. ಹೇಳಿದ ಮಾತು ಕೇಳಿದ್ದಕ್ಕೆ ಶಿಕ್ಷೆ ಕೊಡಬಾರದು. ಈ ಜಗಳವನ್ನು ದೆಹಲಿಯಲ್ಲಿ ಆಡಬೇಕು, ಗಟ್ಟಿಯಾಗಿಯೇ ಆಡಬೇಕು. ಆದರೆ ಅದಕ್ಕೆ ಹೆಂಗಸರ ಗರ್ಭವನ್ನು ಯಾಕೆ ಎಳೆದು ತರುತ್ತೀರಿ? ಎಪ್ಪತ್ತು ವರ್ಷ ಬೇಡ ಬೇಡ ಅಂದು, ಈಗ ಬೇಕು ಬೇಕು ಅಂದರೆ, ಎರಡೂ ಸಲ ಮೈ ಸವೆಸುವವರು ಒಬ್ಬರೇ ಅಲ್ವಾ.

ಅದೂ ಅಲ್ಲದೆ ಕರೆ ಕೊಟ್ಟ ಮಾತ್ರಕ್ಕೆ ಮಕ್ಕಳು ಹುಟ್ಟುವುದಿಲ್ಲ. ಸಿಂಗಪುರವನ್ನು ನೋಡಿ. 1970ರ ದಶಕದಲ್ಲಿ ಎರಡಕ್ಕೇ ನಿಲ್ಲಿಸಿ ಅಂತ ಸರ್ಕಾರ ಹೇಳಿತು, ಜನ ಕೇಳಿದರು. 1987ರಲ್ಲಿ ತಿರುಗಿ, ಶಕ್ತಿ ಇದ್ದವರು ಮೂರೋ ಅದಕ್ಕಿಂತ ಹೆಚ್ಚೋ ಮಾಡಿಕೊಳ್ಳಿ ಅಂತು. ಹಣ ಕೊಟ್ಟಿತು, ತೆರಿಗೆ ಬಿಟ್ಟಿತು. 2023ರಲ್ಲಿ ಅಲ್ಲಿನ ಸರಾಸರಿ ಒಂದಕ್ಕಿಂತಲೂ ಕೆಳಗೆ ಹೋಯಿತು, 0.97. ಚೀನಾ 2016ರಿಂದ ಎರಡನೇ ಮಗುವಿಗೆ ಒಪ್ಪಿಗೆ ಕೊಟ್ಟಿತು, 2021ರಲ್ಲಿ ಮೂರನೆಯದಕ್ಕೂ ಕೊಟ್ಟಿತು, 2022ರಿಂದ ಅಲ್ಲಿನ ಜನಸಂಖ್ಯೆಯೇ ಇಳಿಯಲು ಶುರುವಾಯಿತು. ದಕ್ಷಿಣ ಕೊರಿಯಾ ವರ್ಷಗಟ್ಟಲೆ ರಾಶಿ ರಾಶಿ ಹಣ ಸುರಿದಿದೆ. 2023ರಲ್ಲಿ ಅಲ್ಲಿ 0.72. ಇಡೀ ಜಗತ್ತಿಗೇ ಕಡಿಮೆ.

ಕೊರಿಯಾದ ಹೆಂಗಸರು ಯಾಕೆ ಬೇಡ ಅನ್ನುತ್ತಿದ್ದಾರೆ ಅಂತ ಓದಿದಾಗೆಲ್ಲ ನನಗೆ ನನ್ನ ಆಫೀಸಿನ ಊಟದ ಟೇಬಲ್ಲೇ ನೆನಪಾಗುತ್ತದೆ. ಉದ್ದುದ್ದ ಕೆಲಸದ ಹೊತ್ತು, ಮನೆಗೆ ಬಂದರೆ ಇನ್ನೊಂದು ಪಾಳಿ, ಮಗುವಿನ ಟ್ಯೂಷನ್ ಖರ್ಚು, ಮನೆ ಬಾಡಿಗೆ, ಹೆರಿಗೆ ರಜೆ ಮುಗಿಸಿ ಬಂದರೆ ಕೈತಪ್ಪಿದ ಬಡ್ತಿ. ಬೆಂಗಳೂರಿನಲ್ಲಿ ಎಲ್‌ಕೆಜಿ ಫೀಸು ಎಷ್ಟು ಅಂತ ನಾನು ಹೇಳಬೇಕಾಗಿಲ್ಲ, ಕಟ್ಟುತ್ತಿರುವವರಿಗೆ ಗೊತ್ತು. ನನಗೆ ಒಬ್ಬ ಮಗ. ಎರಡನೆಯದು ಬೇಕು ಅಂತ ಒಂದು ಕಾಲದಲ್ಲಿ ತುಂಬಾ ಆಸೆ ಇತ್ತು, ಈಗಲೂ ಆ ಆಸೆ ಪೂರ್ತಿ ಹೋಗಿಲ್ಲ. ಆದರೆ ಆಗ ಅತ್ತೆಗೆ ಪಾರ್ಶ್ವವಾಯು ಆಗಿತ್ತು, ಮಗ ಇನ್ನೂ ಚಿಕ್ಕವನು, ಮನೆಯಲ್ಲಿ ಒಬ್ಬರು ಎತ್ತಿ ಕೂರಿಸಬೇಕಾದವರು ಇರುವಾಗ ಇನ್ನೊಬ್ಬರನ್ನು ಎತ್ತಿ ಆಡಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಈ ಕಾರಣವನ್ನು ಯಾವ ಸಮೀಕ್ಷೆಯವರೂ ಕೇಳುವುದಿಲ್ಲ. ಮುಪ್ಪಿನ ಆರೈಕೆಯ ಭಾರವೇ ಹೊಸ ಹುಟ್ಟನ್ನು ತಡೆಯುತ್ತಿದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಎರಡೂ ಬೇರೆ ಬೇರೆ ಸಮಸ್ಯೆ ಅಂತ ನೋಡುವುದರಿಂದಲೇ ನಾವು ದಾರಿ ತಪ್ಪುತ್ತಿದ್ದೇವೆ.

ನನಗೆ ಭಯ ಇರುವುದು ಮಕ್ಕಳು ಕಮ್ಮಿಯಾದದ್ದರ ಬಗ್ಗೆ ಅಲ್ಲ. ಒಂಬತ್ತು ಹೆತ್ತು ಮೂರು ಕಳೆದುಕೊಂಡ ಅಜ್ಜಿಯ ಬದುಕು ನನಗೆ ಬೇಡ, ನನ್ನ ಸೊಸೆಗೂ ಬೇಡ. ಭಯ ಇರುವುದು ಬೇರೆ ವಿಷಯಕ್ಕೆ. ಮಕ್ಕಳು ಕಮ್ಮಿಯಾಗಲಿ ಅಂತ ಎಪ್ಪತ್ತು ವರ್ಷ ಕಾರ್ಯಕ್ರಮ ಹಾಕಿಕೊಂಡವರು, ಕಮ್ಮಿಯಾದ ಮೇಲೆ ಮುದುಕರನ್ನು ಯಾರು ನೋಡಿಕೊಳ್ಳಬೇಕು ಅಂತ ಏನನ್ನೂ ಕಟ್ಟಲಿಲ್ಲ. ಅದು ಮನೆಯ ಕೆಲಸ, ಅಂದರೆ ಹೆಂಗಸಿನ ಕೆಲಸ, ಅಂದರೆ ಪುಕ್ಕಟೆ ಕೆಲಸ ಅಂತ ಬಿಟ್ಟುಬಿಟ್ಟರು. ಆ ಕೆಲಸ ಮಾಡುತ್ತಿದ್ದ ಮೂವರು ಸೊಸೆಯರು ಈಗ ಮನೆಯಲ್ಲಿ ಇಲ್ಲ.

ಬೇರೆ ದೇಶಗಳಿಗೆ ಇದನ್ನು ಕಟ್ಟಿಕೊಳ್ಳಲು ಸಮಯ ಸಿಕ್ಕಿತು. ಫ್ರಾನ್ಸಿನಲ್ಲಿ 65 ದಾಟಿದವರ ಪಾಲು ಶೇ 7ರಿಂದ ಶೇ 14ಕ್ಕೆ ಹೋಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಜಪಾನಿಗೆ 1970ರಿಂದ 1994ರವರೆಗೆ, ಬರೀ 24 ವರ್ಷ. ಆದರೆ ಆ 24 ವರ್ಷದಲ್ಲಿ ಜಪಾನು ಶ್ರೀಮಂತ ದೇಶವಾಗಿತ್ತು. 2000ದಲ್ಲಿ ಅದು ದೀರ್ಘಕಾಲದ ಆರೈಕೆಗೆ ಅಂತಲೇ ಒಂದು ವಿಮೆ ತಂದಿತು. 40 ದಾಟಿದ ಪ್ರತಿಯೊಬ್ಬರೂ ಕಂತು ಕಟ್ಟುತ್ತಾರೆ. ಮುಪ್ಪಿನಲ್ಲಿ ಸ್ನಾನ ಮಾಡಿಸಲು, ಊಟ ಕೊಡಲು, ಹಗಲು ಹೊತ್ತು ಕೇಂದ್ರಕ್ಕೆ ಕರೆದುಕೊಂಡು ಹೋಗಲು ಅದರಿಂದ ವ್ಯವಸ್ಥೆ ಆಗುತ್ತದೆ. ಅದೇನೂ ಸ್ವರ್ಗವಲ್ಲ. ಅಲ್ಲಿ ಹಳ್ಳಿಗೆ ಹಳ್ಳಿಗಳೇ ಖಾಲಿಯಾಗಿವೆ, ಮನೆಯಲ್ಲಿ ಒಬ್ಬರೇ ಸತ್ತು ದಿನಗಟ್ಟಲೆ ಯಾರಿಗೂ ಗೊತ್ತಾಗದ ಪ್ರಕರಣಗಳು ವರ್ಷಕ್ಕೆ ಸಾವಿರಗಟ್ಟಲೆ, ಆರೈಕೆ ಮಾಡುವ ಕೈಗಳು ಸಾಲದೆ ಹೊರದೇಶದವರನ್ನು ಕರೆಸಿಕೊಳ್ಳುತ್ತಿದ್ದಾರೆ. 2024ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಏಳು ಲಕ್ಷಕ್ಕಿಂತ ಕಮ್ಮಿ. ಆದರೂ ಸ್ನಾನ ಮಾಡಿಸುವುದು ಸಮಾಜದ ಕೆಲಸ ಅಂತ ಅವರು ಒಪ್ಪಿಕೊಂಡರು, ಅದಕ್ಕೆ ದುಡ್ಡು ತೆಗೆದಿಟ್ಟರು.

ನಮ್ಮಲ್ಲಿ ಏನಿದೆ? ಬಡವರ ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡುವ ಪಾಲು 60ರಿಂದ 79 ವಯಸ್ಸಿನವರಿಗೆ ತಿಂಗಳಿಗೆ 200 ರೂಪಾಯಿ. ಇದು ವರ್ಷಗಳಿಂದ ಏರಿಲ್ಲ. 80 ದಾಟಿದರೆ 500. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ 1,200. ಬಿಪಿ, ಶುಗರ್ ಮಾತ್ರೆಗೇ ಅಷ್ಟಾಗುತ್ತದೆ. ನಮ್ಮೂರಲ್ಲಿ ಎಷ್ಟೋ ಅಜ್ಜಿಯರು ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನವೇ ಮೆಡಿಕಲ್ ಶಾಪಿಗೆ ಹೋಗುತ್ತಾರೆ. 70 ದಾಟಿದ ಎಲ್ಲರಿಗೂ ಆಯುಷ್ಮಾನ್ ವಿಮೆ ಅಂತ 2024ರಲ್ಲಿ ಘೋಷಣೆ ಆಯಿತು, ಒಳ್ಳೆಯದು. ಆದರೆ ಅದು ಆಸ್ಪತ್ರೆ ಸೇರಿದಾಗ. ಮುಪ್ಪಿನ ಮುಕ್ಕಾಲು ಪಾಲು ಕಷ್ಟ ಆಸ್ಪತ್ರೆಯ ಹೊರಗೇ ಇದೆ. ಬಚ್ಚಲಿಗೆ ಹೋಗುವಾಗ ಹಿಡಿದುಕೊಳ್ಳಲು ಯಾರೂ ಇಲ್ಲದ್ದು, ಮಾತ್ರೆ ತಗೊಂಡಿದ್ದು ಮರೆತು ಇನ್ನೊಮ್ಮೆ ತಗೊಳ್ಳುವುದು, ಗ್ಯಾಸ್ ಹಚ್ಚಿಟ್ಟು ತೋಟಕ್ಕೆ ಹೋಗುವುದು, ಸಂಜೆ ಕತ್ತಲಾದ ಮೇಲೆ ಮಾತಾಡಲು ಒಬ್ಬರೂ ಇಲ್ಲದ್ದು.

ಕಾನೂನು ಇದೆ. ತಂದೆ ತಾಯಿಯರ ಪೋಷಣೆಗೆ ಅಂತ 2007ರಲ್ಲಿ ಬಂದದ್ದು. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಮಕ್ಕಳಿಂದ ತಿಂಗಳ ಖರ್ಚು ಕೊಡಿಸಬಹುದು. ನೋಡಿಕೊಳ್ಳುತ್ತೇನೆ ಅಂತ ಒಪ್ಪಿ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಈ ಕಾನೂನಿನಿಂದ ಮನೆ ಮರಳಿ ಸಿಕ್ಕಿದ ಹಿರಿಯರು ಇದ್ದಾರೆ, ಅದರ ಬೆಲೆ ದೊಡ್ಡದು. ಆದರೆ ಈ ಕಾನೂನು ನೋಡಿಕೊಳ್ಳದ ಮಕ್ಕಳಿಗೆ. ನೋಡಿಕೊಳ್ಳಬೇಕು ಅಂತ ಮನಸ್ಸಿದ್ದೂ ಆಗದ ಮಕ್ಕಳು ನಮ್ಮಲ್ಲಿ ಅವರಿಗಿಂತ ಎಷ್ಟೋ ಪಾಲು ಜಾಸ್ತಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಾನುಗಟ್ಟಲೆ ನಿಂತು, ಅಪ್ಪನ ಕೊನೆಗಾಲಕ್ಕೆ ವೀಸಾದ ಹೆದರಿಕೆಯಲ್ಲಿ ಹೊರಟುಬರಲಾಗದೆ ವಾಟ್ಸ್‌ಆ್ಯಪ್‌ನಲ್ಲೇ ಗಂಗಾಜಲ ಬಿಡುವುದನ್ನು ನೋಡಿದ ಗೆಳೆಯರಿದ್ದಾರೆ. ಅವರನ್ನು ಕೃತಘ್ನರು ಅಂತ ಬೈಯುವುದು ಸುಲಭ. ವೃದ್ಧಾಶ್ರಮದ ಹೆಸರು ಎತ್ತಿದರೆ ಸಾಕು, "ಹೆತ್ತವರನ್ನು ಬಿಟ್ಟುಬಂದರಾ" ಅಂತ ಊರೆಲ್ಲ ಮಾತಾಡುತ್ತದೆ. ಹಾಗೆ ಮಾತಾಡುವ ಮನೆಯಲ್ಲೇ ಕಣ್ಣು ಕಾಣದ ಅಜ್ಜ ಎರಡು ದಿನದಿಂದ ಬಟ್ಟೆ ಬದಲಾಯಿಸದೆ ಕೂತಿದ್ದನ್ನೂ ನಾನು ನೋಡಿದ್ದೇನೆ. ಮನೆಯವರು ಕೆಟ್ಟವರಲ್ಲ. ಸುಸ್ತಾದವರು.

ಈಗ ಊರ ತುಂಬ ಹೋಂ ನರ್ಸ್‌ಗಳ ಮಾತು. ಬೆಂಗಳೂರಿನ ಏಜೆನ್ಸಿಯೊಂದರಿಂದ ಅತ್ತೆಗೆ ಅಂತ ನಾವೂ ಒಬ್ಬಳನ್ನು ಇಟ್ಟುಕೊಂಡಿದ್ದೆವು. ರಾಯಚೂರಿನ ಕಡೆಯ ಹುಡುಗಿ, ಇಪ್ಪತ್ತರ ಆಸುಪಾಸು. ನರ್ಸ್ ಅಂತ ಹೆಸರು, ಯಾರೂ ಅವಳಿಗೆ ಏನೂ ಕಲಿಸಿ ಕಳಿಸಿರಲಿಲ್ಲ. ಹಾಸಿಗೆ ಹುಣ್ಣು ಆಗದ ಹಾಗೆ ಹೇಗೆ ತಿರುಗಿಸಿ ಮಲಗಿಸಬೇಕು ಅಂತ ಅವಳೂ ನಾನೂ ಒಟ್ಟಿಗೆ ವಿಡಿಯೋ ನೋಡಿ ಕಲಿತೆವು. ನಾವು ಕೊಡುತ್ತಿದ್ದ ದುಡ್ಡಿನಲ್ಲಿ ಅವಳ ಕೈಗೆ ಸೇರುತ್ತಿದ್ದುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಉಳಿದದ್ದು ಏಜೆನ್ಸಿಗೆ. ಹಗಲೂ ರಾತ್ರಿ ಅವಳೇ. ವಾರದ ರಜೆ ಇಲ್ಲ, ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ಎಷ್ಟು ಪ್ರೀತಿಯಿಂದ ನೋಡಿಕೊಂಡಳೆಂದರೆ ಅತ್ತೆ ಕೊನೆಕೊನೆಗೆ ನಮ್ಮೆಲ್ಲರ ಹೆಸರು ಮರೆತರೂ ಅವಳನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದರು. ನಮ್ಮ ಕಾಫಿ ತೋಟಗಳಿಗೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಕೆಲಸಗಾರರು ಬರುತ್ತಾರೆ. ನಮ್ಮ ಮುಪ್ಪಿಗೆ ಯಾದಗಿರಿ, ರಾಯಚೂರಿನ ಹುಡುಗಿಯರು ಬರುತ್ತಿದ್ದಾರೆ. ಅಲ್ಲಿಯೂ ಮಕ್ಕಳು ಕಮ್ಮಿಯಾಗುತ್ತಿದ್ದಾರೆ, ಆಗಲೇಬೇಕು, ಆ ಹೆಣ್ಣುಮಕ್ಕಳೂ ಓದಬೇಕು. ಅವರಿಗೆ ತರಬೇತಿ, ಸರ್ಟಿಫಿಕೇಟು, ಕನಿಷ್ಠ ಕೂಲಿ, ರಜೆ ಇಷ್ಟನ್ನೂ ಕೊಡದೆ ಈ ಕೆಲಸಕ್ಕೆ ಜನ ಸಿಗುತ್ತಲೇ ಇರುತ್ತಾರೆ ಅಂತ ನಂಬಿ ಕೂತರೆ ಇನ್ನು ಹತ್ತು ಹದಿನೈದು ವರ್ಷದಲ್ಲಿ ಕೈಸುಟ್ಟುಕೊಳ್ಳುತ್ತೇವೆ.

ದೂರ ಹೋಗುವುದು ಬೇಡ, ಪಕ್ಕದ ಕೇರಳದಲ್ಲಿ ಒಂದು ದಾರಿ ಇದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಕೆಲವು ವೈದ್ಯರು ಮತ್ತು ಊರಿನವರು ಸೇರಿ ಉಪಶಾಮಕ ಆರೈಕೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ, ಶುರುಮಾಡಿದರು. ಅದು ಜನರ ಕೆಲಸವಾಗಿ ಬೆಳೆಯಿತು. 2008ರಲ್ಲಿ ರಾಜ್ಯ ಅದನ್ನು ತನ್ನ ನೀತಿಯಾಗಿ ಒಪ್ಪಿಕೊಂಡಿತು. ಈಗ ಪಂಚಾಯಿತಿ ಮಟ್ಟದಲ್ಲಿ ತರಬೇತಿ ಪಡೆದ ನರ್ಸು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾಳೆ. ಗಾಯ ತೊಳೆಯುತ್ತಾಳೆ, ಮೂತ್ರಕ್ಕೆ ಹಾಕಿದ ಕೊಳವೆ (ಕ್ಯಾತಿಟರ್) ಬದಲಾಯಿಸುತ್ತಾಳೆ. ಜೊತೆಗೆ ಊರಿನ ಸ್ವಯಂಸೇವಕರು ಇರುತ್ತಾರೆ, ಅವರು ಮನೆಯವರ ಜೊತೆ ಕೂತು ಮಾತಾಡುತ್ತಾರೆ. ದೊಡ್ಡ ಕಟ್ಟಡ ಬೇಕಾಗಿಲ್ಲ, ಒಂದು ಜೀಪು, ಒಬ್ಬ ನರ್ಸು, ಒಂದಷ್ಟು ಔಷಧಿ, ಮತ್ತು ಇದು ಪಂಚಾಯಿತಿಯ ಕೆಲಸ ಅನ್ನುವ ಒಪ್ಪಿಗೆ. ಅದು ಬೇಕಾದ್ದಕ್ಕೆಲ್ಲ ಉತ್ತರ ಅಲ್ಲ. ಆದರೆ ಶೃಂಗೇರಿಯ ಮೇಲಿನ ಹಳ್ಳಿಯಲ್ಲಿ ಗಂಡನನ್ನು ಒಬ್ಬರೇ ಎತ್ತಿ ಕೂರಿಸುವ ಎಪ್ಪತ್ತೈದರ ಅಜ್ಜಿಗೆ ವಾರಕ್ಕೊಮ್ಮೆ ಬರುವ ಆ ಒಬ್ಬ ನರ್ಸು ಎಷ್ಟು ದೊಡ್ಡ ಆಸರೆ ಅಂತ ಯೋಚಿಸಿ.

ನಮ್ಮಲ್ಲೂ ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಕೂಸಿನ ಮನೆ ಸಾಕ್ಷಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ, 2023-24ರ ಬಜೆಟ್ಟಿನಲ್ಲಿ ಹೇಳಿ ಶುರುಮಾಡಿದ್ದು. ಮಗುವನ್ನು ನೋಡಿಕೊಳ್ಳುವುದು ಪಂಚಾಯಿತಿಯ ಕೆಲಸವೂ ಹೌದು ಅಂತ ಒಪ್ಪಿದ ಮೇಲೆ ಮುದುಕರನ್ನು ನೋಡಿಕೊಳ್ಳುವುದು ಯಾಕಲ್ಲ? ಇದರಿಂದ ಜನನ ಪ್ರಮಾಣ ಏರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಎರಡನೆಯದು ಬೇಕು ಅನ್ನುವ ಆಸೆ ಇಟ್ಟುಕೊಂಡು ಕೈಚೆಲ್ಲಿದ ನನ್ನಂಥವರು ಬೇಕಾದಷ್ಟು ಇದ್ದಾರೆ. ಅವರಿಗೆ ಇದು ಯಾವ ಭಾಷಣಕ್ಕಿಂತಲೂ ದೊಡ್ಡ ಸಹಾಯ.

ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ ಮುಚ್ಚಿದೆ. ಇದ್ದ ನಾಲ್ಕಾರು ಮಕ್ಕಳೂ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಕಟ್ಟಡ ಇನ್ನೂ ಗಟ್ಟಿಯಾಗಿದೆ. ಹೆಂಚು ಕೈಯಾಡಿಸಬೇಕು ಅಷ್ಟೇ. ಬಿಸಿಯೂಟದ ಅಡುಗೆಮನೆ ಇದೆ, ಬಾವಿ ಇದೆ, ರಸ್ತೆ ಬದಿಯಲ್ಲೇ ಇದೆ. ಅದನ್ನು ಹಗಲು ಹೊತ್ತು ಹಿರಿಯರು ಬಂದು ಇರುವ ಜಾಗ ಮಾಡಿಕೊಡಿ ಅಂತ ಕಳೆದ ಗ್ರಾಮಸಭೆಯಲ್ಲಿ ಅಮ್ಮ ಮತ್ತು ಇನ್ನೂ ಕೆಲವು ಹೆಂಗಸರು ಬರೆದುಕೊಟ್ಟಿದ್ದಾರೆ. ಮಧ್ಯಾಹ್ನ ಒಂದು ಬಿಸಿ ಊಟ, ವಾರಕ್ಕೊಮ್ಮೆ ಬಿಪಿ, ಶುಗರ್ ನೋಡುವುದು, ಮೆಟ್ಟಿಲ ಪಕ್ಕ ಒಂದು ಇಳಿಜಾರು, ಹಿಡಿಕೆ ಇರುವ ಶೌಚಾಲಯ. ನಡೆಸಲು ಸ್ತ್ರೀಶಕ್ತಿ ಸಂಘದವರು ತಯಾರಿದ್ದಾರೆ, ಆದರೆ ಸಂಬಳ ಬೇಕು ಅಂದಿದ್ದಾರೆ. ಸರಿಯಾಗಿಯೇ ಕೇಳಿದ್ದಾರೆ, ಇದನ್ನೂ ಸೇವೆ ಅಂತ ಹೇಳಿ ಪುಕ್ಕಟೆ ಮಾಡಿಸುವುದು ಬೇಡ. ಕಟ್ಟಡ ಶಿಕ್ಷಣ ಇಲಾಖೆಯದ್ದು, ಹಾಗಾಗಿ ಅವರ ಒಪ್ಪಿಗೆ ಪತ್ರ ಬೇಕು ಅಂತ ಪಂಚಾಯಿತಿಯಲ್ಲಿ ಹೇಳಿದ್ದಾರೆ. ಅರ್ಜಿ ತಾಲ್ಲೂಕು ಕಚೇರಿಗೆ ಹೋಗಿದೆ. ಮುಂದಿನ ತಿಂಗಳು ನಾನು ರಜೆ ಹಾಕಿ ಅದರ ಹಿಂದೆ ಓಡಾಡುವುದು ಅಂತ ಆಗಿದೆ. ನಿಮ್ಮೂರಲ್ಲೂ ಬಾಗಿಲು ಹಾಕಿದ ಶಾಲೆ ಇದ್ದರೆ, ಅದನ್ನು ಯಾರಾದರೂ ಹೀಗೆ ಬಳಸಿಕೊಂಡಿದ್ದರೆ, ಒಪ್ಪಿಗೆ ಸಿಕ್ಕಿದ್ದು ಹೇಗೆ, ಅಡುಗೆಯವರ ಸಂಬಳ ಯಾವ ಲೆಕ್ಕದಿಂದ ಬಂತು ಅಂತ ದಯವಿಟ್ಟು ತಿಳಿಸಿ.